ಅಕ್ಷರದಿಂದ ಮನುಷ್ಯನನ್ನು ಮಾಡಬಹುದಾ? ಯೆಹೂದಿಗಳ ಮಾಟ, ಮಂತ್ರ ಮತ್ತು ಅನುಭಾವದ ಕಥೆ

ಡಿಸ್ಕ್ರೀಟ್ ಮ್ಯಾಥ್ಸ್ ಓದಿದವರಿಗೆಲ್ಲ ಈ ಪ್ರಶ್ನೆ ಗೊತ್ತಿರುತ್ತೆ: ಏಳು ಬೇರೆ ಬೇರೆ ಅಕ್ಷರಗಳನ್ನು ಎಷ್ಟು ರೀತಿ ಜೋಡಿಸಬಹುದು? ಉತ್ತರ 7 ಫ್ಯಾಕ್ಟೋರಿಯಲ್, ಅಂದ್ರೆ 5040. ನಾವೂ ಇದನ್ನು ಇಂಟರ್ನಲ್ಸ್‌ಗೆ ಬರೆದು, ಮಾರ್ಕ್ಸ್ ತಗೊಂಡು, ಮರೆತುಬಿಟ್ಟಿದ್ವಿ. ಆಮೇಲೆ ಗೊತ್ತಾಯ್ತು, ಇದೇ ಲೆಕ್ಕ ಸಾವಿರ ವರ್ಷಕ್ಕಿಂತ ಹಳೆಯದಾದ ಒಂದು ಹೀಬ್ರೂ ಪುಸ್ತಕದಲ್ಲಿ ಇದೆ ಅಂತ. ಅದು ಗಣಿತದ ಪುಸ್ತಕ ಅಲ್ಲ. ದೇವರು ಅಕ್ಷರಗಳನ್ನು ಜೋಡಿಸಿ ಈ ಜಗತ್ತನ್ನು ಹೇಗೆ ಮಾಡಿದ ಎಂದು ಹೇಳುವ ಪುಸ್ತಕ. ಅದನ್ನು ಓದಿದ ಕೆಲವರು ಧ್ಯಾನಕ್ಕೆ ಕೂತರು. ಇನ್ನು ಕೆಲವರು, ಸರಿಯಾಗಿ ಜೋಡಿಸೋದು ಗೊತ್ತಿದ್ರೆ ನಾವೂ ಮಣ್ಣಿನಿಂದ ಮನುಷ್ಯನನ್ನು ಮಾಡಬಹುದು ಅಂದುಕೊಂಡರು.

ಆ ಎಳೆ ಹಿಡಿದುಕೊಂಡು ಹುಡುಕುತ್ತಾ ಹೋದಾಗ ನಮ್ಮನ್ನು ಕಾಡಿದ್ದು ಒಂದೇ ಪ್ರಶ್ನೆ. ಮಾಟ ಮಾಡೋದು ಮಹಾಪಾಪ ಅಂತ ಹೇಳುವ ಧರ್ಮದಲ್ಲಿ ಇಷ್ಟೊಂದು ಮಂತ್ರ, ತಾಯಿತ, ರಹಸ್ಯವಿದ್ಯೆ ಹೇಗೆ ಉಳಿಯಿತು? ಪ್ರಾರ್ಥನೆ ಎಲ್ಲಿ ಮುಗಿಯುತ್ತೆ, ಮಾಟ ಎಲ್ಲಿ ಶುರುವಾಗುತ್ತೆ? ಆ ಗೆರೆ ಎಳೆಯೋರು ಯಾರು?

ನಿಷೇಧ ಮಾಡಿದ ರಾಜನೇ ಹೋದ

ಹೀಬ್ರೂ ಬೈಬಲ್ಲಿನ ಧರ್ಮೋಪದೇಶಕಾಂಡದ 18ನೇ ಅಧ್ಯಾಯದಲ್ಲಿ ಒಂದು ಪಟ್ಟಿ ಇದೆ: ಕಣಿ ಹೇಳೋರು, ಶಕುನ ನೋಡೋರು, ಮಾಟಗಾರರು, ಸತ್ತವರನ್ನು ಕರೆದು ಮಾತಾಡಿಸೋರು. ಇವರ್ಯಾರೂ ನಿಮ್ಮ ಮಧ್ಯೆ ಇರಬಾರದು ಅನ್ನೋದು ಕಟ್ಟಳೆ.

ಆದರೆ ಅದೇ ಬೈಬಲ್ಲಿನ ಸಮುವೇಲನ ಮೊದಲ ಪುಸ್ತಕದಲ್ಲಿ ಸೌಲ ರಾಜನ ಕಥೆ ಬರುತ್ತೆ. ಸತ್ತವರನ್ನು ಕರೆಸುವವರನ್ನೆಲ್ಲ ದೇಶದಿಂದ ಓಡಿಸಿದವನು ಅವನೇ. ಯುದ್ಧದ ಹಿಂದಿನ ರಾತ್ರಿ ದೇವರಿಂದ ಯಾವ ಉತ್ತರವೂ ಬರದೆ ಹೆದರಿಹೋದ ಸೌಲ, ವೇಷ ಮರೆಸಿಕೊಂಡು ಏಂದೋರ್ ಅನ್ನುವ ಊರಿನ ಒಬ್ಬ ಹೆಂಗಸಿನ ಮನೆಗೆ ಹೋಗ್ತಾನೆ. ತೀರಿಕೊಂಡಿದ್ದ ಪ್ರವಾದಿ ಸಮುವೇಲನನ್ನು ಕರೆಸು ಅಂತ ಕೇಳ್ತಾನೆ. ಇಲ್ಲಿ ಗಮನಿಸಬೇಕಾದ ವಿಷಯ ಏನಂದ್ರೆ, ಅವಳ ವಿದ್ಯೆ ಸುಳ್ಳು ಅಂತ ಕಥೆ ಹೇಳೋದೇ ಇಲ್ಲ. ಸಮುವೇಲ ಬರ್ತಾನೆ, ನಾಳೆ ನೀನು ಸಾಯ್ತೀಯ ಅಂತಾನೆ, ಹಾಗೇ ಆಗುತ್ತೆ. ಕಥೆಯ ಕೊನೆಗೆ ಕುಸಿದುಬಿದ್ದ ರಾಜನಿಗೆ ಅಡುಗೆ ಮಾಡಿ ಬಡಿಸೋದೂ ಅವಳೇ.

ಅಂದ್ರೆ ಆರಂಭದಿಂದಲೂ ಎರಡೂ ಜೊತೆಯಲ್ಲೇ ಇವೆ. ಒಂದು ಕಡೆ ಕಾನೂನು, ಇನ್ನೊಂದು ಕಡೆ ಭಯ.

ನೆಲದಡಿಯ ಬಟ್ಟಲುಗಳು

ಆ ಭಯ ಹೇಗಿತ್ತು ಅಂತ ಕಣ್ಣಾರೆ ನೋಡಬೇಕಾದ್ರೆ ಇವತ್ತಿನ ಇರಾಕಿಗೆ ಹೋಗಬೇಕು. ಅಲ್ಲಿ ನಿಪ್ಪುರ್ ಮೊದಲಾದ ಜಾಗಗಳಲ್ಲಿ ಅಗೆದಾಗ ಹಳೇ ಮನೆಗಳ ನೆಲದಡಿಯಲ್ಲಿ ಬೋರಲು ಹಾಕಿದ ಮಣ್ಣಿನ ಬಟ್ಟಲುಗಳು ಸಿಕ್ಕವು. ಇವು ಸುಮಾರು 5ರಿಂದ 8ನೇ ಶತಮಾನದವು. ಬಟ್ಟಲಿನ ಒಳಮೈ ತುಂಬ ಸುರುಳಿ ಸುರುಳಿಯಾಗಿ ಶಾಯಿಯಲ್ಲಿ ಬರಹ ಇರುತ್ತೆ. ಕೆಲವದರಲ್ಲಿ ಮಧ್ಯೆ ಕೈಕಾಲಿಗೆ ಬೇಡಿ ಹಾಕಿದ ದೆವ್ವದ ಚಿತ್ರವೂ ಇರುತ್ತೆ. ಇಲಿಯ ಮೇಲೆ ಬುಟ್ಟಿ ಕವುಚಿದ ಹಾಗೆ, ನೆಲದಿಂದ ಬರುವ ದೆವ್ವವನ್ನು ಹಿಡಿದು ಹಾಕೋದಕ್ಕೆ ಅನ್ನೋದು ವಿದ್ವಾಂಸರ ಒಂದು ವಿವರಣೆ.

ಬಟ್ಟಲಲ್ಲಿ ಬರೆದಿರೋದು ಇನ್ನೂ ಸ್ವಾರಸ್ಯ. ಲಿಲಿತ್ ಅನ್ನೋ ಹೆಣ್ಣು ದೆವ್ವ ಮಕ್ಕಳನ್ನು ಕೊಲ್ತಾಳೆ, ಗಂಡಹೆಂಡಿರ ಮಧ್ಯೆ ಬರ್ತಾಳೆ ಅನ್ನೋ ನಂಬಿಕೆ ಇತ್ತು. ಅವಳನ್ನು ಓಡಿಸೋಕೆ ಬರೆದವರು ಏನು ಮಾಡಿದರು ಗೊತ್ತಾ? ವಿಚ್ಛೇದನ ಪತ್ರ ಕೊಟ್ಟರು! ಯೆಹೂದಿ ಕಾನೂನಿನಲ್ಲಿ ಗಂಡ ಹೆಂಡತಿಗೆ ಕೊಡುವ ಪತ್ರದ ಭಾಷೆಯನ್ನೇ ತೆಗೆದುಕೊಂಡು, ನಿನಗೂ ಈ ಮನೆಗೂ ಸಂಬಂಧ ಮುಗಿಯಿತು ಅನ್ನೋ ಅರ್ಥದಲ್ಲಿ ಬರೆದರು. ಮಾಟ ಬೇಡ ಅಂದ ಅದೇ ಧರ್ಮಶಾಸ್ತ್ರದ ನಮೂನೆ ಇಲ್ಲಿ ಮಂತ್ರದ ಒಳಗೆ ಬಂದು ಕೂತಿದೆ.

ಬಟ್ಟಲು ಬರೆಸಿದವರ ಹೆಸರೂ ಇರುತ್ತೆ. ಸಾಮಾನ್ಯವಾಗಿ ಇಂಥವಳ ಮಗ, ಇಂಥವಳ ಮಗಳು ಅಂತ ತಾಯಿಯ ಹೆಸರಿಂದ ಗುರುತು. ಅದರಲ್ಲಿ ಎಷ್ಟೋ ಪರ್ಷಿಯನ್ ಹೆಸರುಗಳು. ದೆವ್ವದ ಭಯ ಒಂದೇ ಧರ್ಮದವರ ಸ್ವತ್ತಾಗಿರಲಿಲ್ಲ. ಇವನ್ನು ಓದುವಾಗ ಮೊದಲು ನಗು ಬಂತು. ಆದರೆ ಹುಟ್ಟಿದ ಮಗು ಯಾಕೆ ಸತ್ತಿತು ಅಂತ ಹೇಳೋಕೆ ಡಾಕ್ಟರ್ ಇಲ್ಲದ ಕಾಲದಲ್ಲಿ, ಇನ್ನೊಂದು ಮಗು ಹೊಟ್ಟೆಯಲ್ಲಿರುವಾಗ, ಆ ತಾಯಿ ಇನ್ನೇನು ಮಾಡಬೇಕಿತ್ತು?

ಅಕ್ಷರವೇ ಕಲ್ಲು, ಪದವೇ ಮನೆ

ಈಗ ನಮ್ಮ ಫ್ಯಾಕ್ಟೋರಿಯಲ್ ಪುಸ್ತಕಕ್ಕೆ ಬರೋಣ. ಅದರ ಹೆಸರು ಸೆಫೆರ್ ಯೆಟ್ಸಿರಾ, ಅಂದ್ರೆ ಸೃಷ್ಟಿಯ ಪುಸ್ತಕ. ಯಾವಾಗ ಬರೆದಿದ್ದು ಅನ್ನೋದರ ಬಗ್ಗೆ ವಿದ್ವಾಂಸರಲ್ಲಿ ಜಗಳವಿದೆ. ಆದರೆ 931ರಲ್ಲಿ ಸಾದಿಯಾ ಗಾವೋನ್ ಅನ್ನೋ ದೊಡ್ಡ ಪಂಡಿತರು ಇದಕ್ಕೆ ವ್ಯಾಖ್ಯಾನ ಬರೆದಿದ್ದಾರೆ, ಹಾಗಾಗಿ ಅದಕ್ಕಿಂತ ಹಳೆಯದು ಅನ್ನೋದು ಖಚಿತ.

ಪುಸ್ತಕ ತುಂಬ ಚಿಕ್ಕದು. ಹತ್ತು ಸಂಖ್ಯೆ, ಹೀಬ್ರೂವಿನ 22 ಅಕ್ಷರ, ಒಟ್ಟು 32 ದಾರಿಗಳಿಂದ ಜಗತ್ತು ಆಯಿತು ಅನ್ನುತ್ತೆ. 22 ಅಕ್ಷರಗಳಲ್ಲಿ ಎರಡೆರಡನ್ನು ಜೋಡಿ ಮಾಡಿದರೆ 231 ಜೋಡಿ. ಇದು ನಮ್ಮ 22 ಸಿ 2 ತಾನೇ! ಅಕ್ಷರಗಳನ್ನು ಕಲ್ಲಿಗೂ ಪದಗಳನ್ನು ಮನೆಗೂ ಹೋಲಿಸಿ, ಎರಡು ಕಲ್ಲಿನಿಂದ ಶುರು ಮಾಡಿ ಏಳು ಕಲ್ಲಿಗೆ 5040 ಮನೆಯ ತನಕ ಲೆಕ್ಕ ಹಾಕಿ, ಅದರಿಂದ ಮುಂದೆ ಬಾಯಿಗೂ ಕಿವಿಗೂ ನಿಲುಕಲ್ಲ ಅಂತ ನಿಲ್ಲಿಸಿಬಿಡುತ್ತೆ.

ಇದಕ್ಕೆ ಹಿನ್ನೆಲೆ ಸರಳ. ಬೈಬಲ್ಲಿನ ಮೊದಲ ಅಧ್ಯಾಯದಲ್ಲಿ ದೇವರು ಕೈಯಿಂದ ಏನೂ ಮಾಡಲ್ಲ, ಬೆಳಕಾಗಲಿ ಅಂತ ಹೇಳ್ತಾನೆ, ಆಗುತ್ತೆ. ಮಾತಿನಿಂದ ಜಗತ್ತು ಆಗಿದ್ರೆ ಅಕ್ಷರಗಳೇ ಅದರ ಕಚ್ಚಾವಸ್ತು ಅಲ್ವಾ?

ತಾಲ್ಮುದ್ ಅನ್ನೋ ದೊಡ್ಡ ಗ್ರಂಥದಲ್ಲಿ ಇದರ ಮುಂದಿನ ಹೆಜ್ಜೆ ಇದೆ. 4ನೇ ಶತಮಾನದ ರಾವಾ ಎಂಬ ಗುರು ಒಬ್ಬ ಮನುಷ್ಯನನ್ನು ಸೃಷ್ಟಿಸಿ ರಬ್ಬಿ ಜೇರಾ ಅವರ ಹತ್ತಿರ ಕಳಿಸಿದರಂತೆ. ಜೇರಾ ಮಾತಾಡಿಸಿದರು, ಉತ್ತರ ಬರಲಿಲ್ಲ. ಇವನು ಯಾರ ಕೆಲಸ ಅಂತ ಅರ್ಥವಾಗಿ, ಮಣ್ಣಿಗೆ ವಾಪಸ್ ಹೋಗು ಅಂದುಬಿಟ್ಟರು. ಇನ್ನಿಬ್ಬರು ಗುರುಗಳು ಪ್ರತಿ ಶುಕ್ರವಾರ ಸಂಜೆ ಸೃಷ್ಟಿಯ ವಿದ್ಯೆ ಓದಿ, ಒಂದು ಕರು ಸೃಷ್ಟಿಸಿ, ಅದನ್ನೇ ತಿನ್ನುತ್ತಿದ್ದರು ಅಂತಲೂ ಅಲ್ಲೇ ಇದೆ.

ಇದು ಮಾಟ ಅಲ್ವಾ? ಅಬಾಯೆ ಅನ್ನೋ ಗುರು ಇದಕ್ಕೆ ಮೂರು ದರ್ಜೆ ಮಾಡ್ತಾರೆ. ನಿಜವಾಗಿ ಮಾಟ ಮಾಡಿದರೆ ಮರಣದಂಡನೆ. ಬರೀ ಕಣ್ಕಟ್ಟು ಮಾಡಿದರೆ ಶಿಕ್ಷೆ ಇಲ್ಲ, ಆದರೂ ಮಾಡಬಾರದು. ಮೂರನೆಯದು, ಆ ಗುರುಗಳು ಕರು ಮಾಡಿದ ಥರದ್ದು, ಅದಕ್ಕೆ ಪೂರ್ತಿ ಅನುಮತಿ! ಕೆಲಸ ಒಂದೇ ಥರ ಕಂಡರೂ, ಮಾಡಿದವರು ನಮ್ಮ ಗುರುಗಳು, ಬಳಸಿದ್ದು ದೇವರ ಅಕ್ಷರ. ಹಾಗಾಗಿ ಅದು ಮಾಟ ಅಲ್ಲ. ಗೆರೆ ಎಳೆಯೋರು ಯಾರು ಅನ್ನೋ ನಮ್ಮ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿ ಸಿಕ್ಕಿತು.

ನೋಡಬೇಕು ಅನ್ನೋ ಆಸೆ

ಮಾಟ ಏನನ್ನೋ ಬದಲಾಯಿಸೋಕೆ ಹೊರಟರೆ, ಅನುಭಾವ ದೇವರ ಹತ್ತಿರ ಹೋಗೋಕೆ ಹೊರಡುತ್ತೆ. ಯೆಹೂದಿ ಅನುಭಾವದ ಹಳೆಯ ಪಂಥ ಪ್ರವಾದಿ ಯೆಹೆಜ್ಕೇಲ ಕಂಡ ದೇವರ ರಥದ ದರ್ಶನವನ್ನು ಹಿಡಿದುಕೊಂಡಿತು. ಆದರೆ ಈ ದಾರಿಯಲ್ಲಿ ಎಚ್ಚರಿಕೆಯ ಬೋರ್ಡ್ ಮೊದಲೇ ಇತ್ತು. ತಾಲ್ಮುದ್ ಪ್ರಕಾರ ನಾಲ್ವರು ಒಂದು ತೋಟದೊಳಗೆ ಹೋದರು. ಒಬ್ಬರು ನೋಡಿ ಸತ್ತರು, ಒಬ್ಬರಿಗೆ ಬುದ್ಧಿ ಕೆಟ್ಟಿತು, ಒಬ್ಬರು ಧರ್ಮವನ್ನೇ ಬಿಟ್ಟರು. ಅಕೀವಾ ಒಬ್ಬರೇ ಕ್ಷೇಮವಾಗಿ ವಾಪಸ್ ಬಂದರು.

ಮುಂದೆ 13ನೇ ಶತಮಾನದ ಸ್ಪೇನಿನಲ್ಲಿ ಎರಡು ದಾರಿ ಕಾಣುತ್ತೆ. ಅಬ್ರಹಾಂ ಅಬುಲಾಫಿಯಾ ಅಕ್ಷರಗಳನ್ನು ಹಿಂದುಮುಂದು ಜೋಡಿಸುತ್ತಾ, ಉಸಿರು ಹಿಡಿದು ಬಿಡುತ್ತಾ ಮಾಡುವ ಧ್ಯಾನ ಕಲಿಸಿದರು. 1280ರಲ್ಲಿ ಪೋಪ್‌ನನ್ನೇ ಭೇಟಿ ಮಾಡೋಕೆ ಹೊರಟರು, ಅಷ್ಟರಲ್ಲಿ ಪೋಪ್ ತೀರಿಕೊಂಡ. ಇನ್ನೊಂದು ದಾರಿ ಜೋಹರ್ ಅನ್ನೋ ಬೃಹತ್ ಗ್ರಂಥ, ಕಬ್ಬಾಲಾ ಪಂಥದ ಮುಖ್ಯ ಪುಸ್ತಕ. 2ನೇ ಶತಮಾನದ ಗುರುವೊಬ್ಬರದ್ದು ಅಂತ ಇದು ಹೊರಬಂತು. ಆದರೆ ಇದರ ಬಹುಭಾಗ ಬರೆದಿದ್ದು 1305ರಲ್ಲಿ ತೀರಿಕೊಂಡ ಮೋಸೆಸ್ ದೆ ಲೆಯೋನ್ ಎಂದು 20ನೇ ಶತಮಾನದಲ್ಲಿ ಗೆರ್ಶೋಮ್ ಶೋಲೆಮ್ ಭಾಷೆಯ ಸಾಕ್ಷ್ಯ ಹಿಡಿದು ವಾದಿಸಿದರು.

ಒಂದೇ ರಾಶಿಯಲ್ಲಿ ಎಲ್ಲರೂ

ವಿರೋಧಿಗಳು ಇರಲಿಲ್ವಾ ಅಂದ್ರೆ, ಇದ್ದರು. ಎಲ್ಲರಿಗಿಂತ ದೊಡ್ಡವರು ಮೈಮೊನಿಡಿಸ್. 12ನೇ ಶತಮಾನದವರು, ವೈದ್ಯರು, ತತ್ವಜ್ಞಾನಿ. ದೇವರ ಹೆಸರು ಬರೆದು ತಾಯಿತ ಕಟ್ಟೋದನ್ನು ಅವರು ಮೂರ್ಖತನ ಅಂತ ಕಟುವಾಗಿ ಬರೆದರು. ಮಾಟ ಪಾಪ ಮಾತ್ರ ಅಲ್ಲ, ಸುಳ್ಳು ಕೂಡ ಅನ್ನೋದು ಅವರ ನಿಲುವು.

ಅವರು ಬದುಕಿದ್ದ ಹಳೇ ಕೈರೋದ ಬೆನ್ ಎಜ್ರಾ ಪ್ರಾರ್ಥನಾ ಮಂದಿರದಲ್ಲಿ ಒಂದು ಕೋಣೆ ಇತ್ತು. ದೇವರ ಹೆಸರಿರುವ ಕಾಗದ ಬಿಸಾಡಬಾರದು ಅನ್ನೋ ಪದ್ಧತಿಯಿಂದಾಗಿ ಶತಮಾನಗಳ ಕಾಗದವೆಲ್ಲ ಅಲ್ಲಿ ಗುಡ್ಡೆಬಿದ್ದಿತ್ತು. 1896-97ರಲ್ಲಿ ಸಾಲೊಮನ್ ಶೆಕ್ಟರ್ ಅದರಲ್ಲಿ ಸುಮಾರು 1,90,000 ತುಣುಕುಗಳನ್ನು ಕೇಂಬ್ರಿಡ್ಜಿಗೆ ಸಾಗಿಸಿದರು. ತಮಾಷೆ ನೋಡಿ, ಅದರಲ್ಲಿ ಮೈಮೊನಿಡಿಸ್ ಸ್ವಂತ ಕೈಬರಹವೂ ಇದೆ, ಅವರು ಬೈದ ತಾಯಿತ ಮಂತ್ರಗಳೂ ಇವೆ.

ನಮ್ಮ ಮಂಗಳೂರೂ ಅದೇ ರಾಶಿಯಲ್ಲಿದೆ! 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ವರ್ಷಗಟ್ಟಲೆ ವ್ಯಾಪಾರ ಮಾಡಿದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನ ಪತ್ರಗಳು ಅಲ್ಲಿ ಸಿಕ್ಕಿವೆ. ಅವುಗಳಲ್ಲಿ ಬರುವ ಆಳಿನ ಹೆಸರನ್ನು ಬೊಮ್ಮ ಅಂತ ಓದಿ, ಅಮಿತಾವ್ ಘೋಷ್ ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಅಕ್ಷರ ಕೈತಪ್ಪಿದಾಗ

ಇದೆಲ್ಲ ಬರೀ ಸ್ವಾರಸ್ಯದ ಕಥೆ ಅಂದುಕೊಳ್ಳಬೇಡಿ. 1348-49ರಲ್ಲಿ ಯೂರೋಪಿಗೆ ಪ್ಲೇಗ್ ಬಂದಾಗ ಯೆಹೂದಿಗಳು ಬಾವಿಗೆ ವಿಷ ಹಾಕಿದ್ದಾರೆ ಅಂತ ಸುದ್ದಿ ಹಬ್ಬಿತು. ಅವರು ಸೈತಾನನ ಕಡೆಯವರು, ಮಾಟಗಾರರು ಅನ್ನೋ ಅಪವಾದ ಅದಕ್ಕೂ ಮೊದಲೇ ಇತ್ತು. 1349ರ ಫೆಬ್ರವರಿಯಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ನೂರಾರು ಯೆಹೂದಿಗಳನ್ನು ಸುಟ್ಟರು. ನಾವು ಮಾಡಿದರೆ ಪ್ರಾರ್ಥನೆ, ಅವರು ಮಾಡಿದರೆ ಮಾಟ. ಈ ಗೆರೆಯನ್ನು ಬಲ ಇರುವವರು ಎಳೆದಾಗ ಜೀವ ಹೋಗುತ್ತೆ.

ಒಳಗಿನಿಂದಲೂ ಪೆಟ್ಟು ಬಿತ್ತು. 1492ರಲ್ಲಿ ಸ್ಪೇನ್ ಯೆಹೂದಿಗಳನ್ನು ಹೊರಹಾಕಿತು. ಮುಂದಿನ ಶತಮಾನದಲ್ಲಿ ಗಲಿಲಾಯದ ಸಫೇದ್ ಊರು ಅನುಭಾವಿಗಳ ಕೇಂದ್ರವಾಯಿತು. 1570ರಲ್ಲಿ ಅಲ್ಲಿಗೆ ಬಂದು ಎರಡೇ ವರ್ಷದಲ್ಲಿ ತೀರಿಕೊಂಡ ಐಸಾಕ್ ಲೂರಿಯಾ, ಸೃಷ್ಟಿಯ ಹೊತ್ತಿನಲ್ಲೇ ಬೆಳಕಿನ ಪಾತ್ರೆಗಳು ಒಡೆದುಹೋದವು, ಚೆಲ್ಲಿದ ಕಿಡಿಗಳನ್ನು ಆಯ್ದು ಜಗತ್ತನ್ನು ರಿಪೇರಿ ಮಾಡೋದೇ ಮನುಷ್ಯನ ಕೆಲಸ ಅಂದರು. ಮನೆ ಕಳೆದುಕೊಂಡವರಿಗೆ ಇದು ಎಷ್ಟು ಸಮಾಧಾನ ಕೊಟ್ಟಿರಬೇಕು! ಆದರೆ 1665ರಲ್ಲಿ ಇದೇ ಭಾಷೆಯಲ್ಲಿ ಸಬ್ಬತೈ ಜೆವಿ ಎಂಬಾತನನ್ನು ರಕ್ಷಕ ಅಂತ ಸಾರಿದರು. ಊರೂರುಗಳಲ್ಲಿ ಜನ ಆಸ್ತಿ ಮಾರಿ ಗಂಟು ಕಟ್ಟಿಕೊಂಡು ಕೂತರು. 1666ರಲ್ಲಿ ಆತ ತುರ್ಕಿ ಸುಲ್ತಾನನ ಮುಂದೆ ಇಸ್ಲಾಂ ಸ್ವೀಕರಿಸಿದ. ಆ ಗಾಯ ಎಷ್ಟು ಆಳ ಅಂದ್ರೆ, 1751ರಲ್ಲೂ ಒಬ್ಬ ದೊಡ್ಡ ರಬ್ಬಿ ಬರೆದ ತಾಯಿತದಲ್ಲಿ ಜೆವಿಯ ಹೆಸರು ಅಡಗಿದೆ ಅಂತ ಇನ್ನೊಬ್ಬರು ಆರೋಪ ಮಾಡಿ ದೊಡ್ಡ ಗಲಾಟೆಯೇ ಆಯಿತು.

ಗೋಲೆಮ್ ಆಲೆಫ್

ಕೊನೆಗೆ ಮಣ್ಣಿನ ಮನುಷ್ಯ. ಅವನಿಗೆ ಗೋಲೆಮ್ ಅಂತ ಹೆಸರು. ಪ್ರಾಗ್ ನಗರದ ರಬ್ಬಿ ಲೋವ್ ಗೋಲೆಮ್ ಮಾಡಿದ ಕಥೆ ಪ್ರಸಿದ್ಧ. ಆದರೆ ಅವರು ತೀರಿಕೊಂಡಿದ್ದು 1609ರಲ್ಲಿ, ಅವರ ಹೆಸರಿನಲ್ಲಿ ಈ ಕಥೆ ಅಚ್ಚಾಗಿದ್ದು 19ನೇ ಶತಮಾನದಲ್ಲಿ. ಕೆಲವು ಕಥೆಗಳಲ್ಲಿ ಗೋಲೆಮ್‌ನ ಹಣೆ ಮೇಲೆ ಎಮೆತ್ ಅಂತ ಬರೆದಿರುತ್ತೆ, ಅಂದ್ರೆ ಸತ್ಯ. ಮೊದಲ ಅಕ್ಷರ ಆಲೆಫ್ ಅಳಿಸಿದರೆ ಉಳಿಯೋದು ಮೆತ್, ಅಂದ್ರೆ ಸತ್ತವನು. ಒಂದೇ ಅಕ್ಷರ ಹೋದರೆ ಇಡೀ ಪ್ರೋಗ್ರಾಂ ನಿಲ್ಲುತ್ತೆ. ಸೆಮಿಕೋಲನ್ ಬಿಟ್ಟು ರಾತ್ರಿಯೆಲ್ಲ ಕೂತವರಿಗೆ ಇದು ಬೇರೆ ಹೇಳಬೇಕಾಗಿಲ್ಲ.

1965ರಲ್ಲಿ ಇಸ್ರೇಲಿನ ರೆಹೋವೊತ್‌ನ ವೈಜ್‌ಮನ್ ಸಂಸ್ಥೆಯಲ್ಲಿ ಹೊಸ ಕಂಪ್ಯೂಟರ್ ತಯಾರಾದಾಗ, ಮೇಲೆ ಹೇಳಿದ ಅದೇ ಶೋಲೆಮ್ ಅದಕ್ಕೆ ಗೋಲೆಮ್ ಆಲೆಫ್ ಅಂತ ಹೆಸರು ಸೂಚಿಸಿದರು. ಆಲೆಫ್ ಅಂದ್ರೆ ಹೀಬ್ರೂವಿನಲ್ಲಿ 1 ಕೂಡ ಹೌದು. ಹಳೇ ಗೋಲೆಮ್‌ಗೆ 22 ಅಕ್ಷರ ಬೇಕಿತ್ತು, ಹೊಸದಕ್ಕೆ 0 ಮತ್ತು 1 ಸಾಕು ಅಂತ ತಮ್ಮ ಭಾಷಣದಲ್ಲಿ ವಿವರಿಸಿದರು.

ರಾವಾ ಮಾಡಿದ ಮನುಷ್ಯ ಸಿಕ್ಕಿಬಿದ್ದಿದ್ದು ಮಾತು ಬರಲ್ಲ ಅನ್ನೋ ಕಾರಣಕ್ಕೆ. ಈಗ ನಮ್ಮ ಫೋನಿನೊಳಗಿನ ಗೋಲೆಮ್ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತೆ, ಕನ್ನಡದಲ್ಲೂ ಕೊಡುತ್ತೆ. ಜೇರಾ ಅವರ ಪರೀಕ್ಷೆ ಇನ್ನು ನಡೆಯಲ್ಲ. ಆದರೆ ಅವರು ಇನ್ನೊಂದು ಕೆಲಸ ಮಾಡಿದ್ದರು: ಬಂದವನನ್ನು ನೋಡಿದ ಕೂಡಲೇ ಇವನನ್ನು ಕಳಿಸಿದ್ದು ಯಾರು ಅಂತ ಯೋಚಿಸಿದರು. ಅಕ್ಷರ ಜೋಡಿಸೋದನ್ನೇ ಕೆಲಸ ಮಾಡಿಕೊಳ್ಳೋಕೆ ಹೊರಟಿರುವ ನಾವು ಆ ಪ್ರಶ್ನೆಯನ್ನಾದರೂ ಕೇಳೋದು ಬಿಡಬಾರದು.