ಬಿಳಿಚೋಡಿನಿಂದ ಬ್ರಹ್ಮಗಿರಿಯವರೆಗೆ: ಬಿ. ಎಲ್. ರೈಸ್ ಸಂಪುಟಗಳನ್ನು ಓದುವ ಬಗೆ

ಜಗಳೂರು ತಾಲೂಕಿನ ಬಿಳಿಚೋಡು ಕಡೆಯ ಊರುಗಳಲ್ಲಿ ಶಾಸನ ಹುಡುಕೋರಿಗೆ ಮೊದಲು ಎದುರಾಗೋ ತೊಡಕು ಲಿಪಿಯದ್ದಲ್ಲ, ವಿಳಾಸದ್ದು. ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ದಾವಣಗೆರೆ ಜಿಲ್ಲೆ ಅಂತ ಹುಡುಕಿದರೆ ಏನೂ ಸಿಗಲ್ಲ. ಆ ಜಿಲ್ಲೆ ಆಗಿದ್ದೇ 1997ರಲ್ಲಿ. ಜಗಳೂರಿನ ಶಾಸನಗಳು ಚಿತ್ರದುರ್ಗದ 11ನೇ ಸಂಪುಟದಲ್ಲಿವೆ (1903). ಚನ್ನಗಿರಿ, ಹೊನ್ನಾಳಿ ಶಾಸನಗಳು ಶಿವಮೊಗ್ಗದ 7ನೇ ಸಂಪುಟದಲ್ಲಿವೆ (1902). ನ್ಯಾಮತಿ ಈಗ ಬೇರೆ ತಾಲೂಕಾದರೂ ಅಲ್ಲಿನವನ್ನು ಹೊನ್ನಾಳಿ ಕೆಳಗೇ ನೋಡಬೇಕು. ಹರಿಹರದವು ದಾವಣಗೆರೆ ತಾಲೂಕಿನ ಲೆಕ್ಕದಲ್ಲಿವೆ. ತಾಲೂಕಿನ ಹೆಸರು, ಅದರ ಮುಂದೆ ಒಂದು ಸಂಖ್ಯೆ. ಇಂದಿಗೂ ನಾವು ಶಾಸನಗಳನ್ನು ಕರೆಯೋದು ಹಾಗೇ.

ಈ ವಿಳಾಸ ಪದ್ಧತಿಯನ್ನು ಕಟ್ಟಿದವರು ಬೆಂಜಮಿನ್ ಲೂಯಿಸ್ ರೈಸ್. ಅವರ ವೃತ್ತಿಜೀವನ ಗೊತ್ತಿದ್ದರೆ ಸಂಪುಟಗಳ ಬಲ ಎಲ್ಲಿದೆ, ಮಿತಿ ಎಲ್ಲಿದೆ ಅನ್ನೋದು ತಾನಾಗೇ ಅರ್ಥವಾಗತ್ತೆ.

ಮೇಷ್ಟ್ರು, ಗೆಜೆಟಿಯರ್, ಶಾಸನ

ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲೇ. ತಂದೆ ಲಂಡನ್ ಮಿಷನ್ನಿನ ಪಾದ್ರಿ. ರೈಸ್ ಬೆಂಗಳೂರಿನ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದು, ಆಮೇಲೆ ವಿದ್ಯಾ ಇಲಾಖೆಗೆ ಬಂದರು. ಶಾಲೆ ತಪಾಸಣೆ ಅಂದರೆ ಊರೂರು ತಿರುಗೋ ಕೆಲಸ. ಊರೂರಲ್ಲೂ ಕಲ್ಲು. ಶಾಸನಶಾಸ್ತ್ರಕ್ಕೆ ಆಗ ಯಾವ ಪದವಿಯೂ ಇರಲಿಲ್ಲ. ಪಂಡಿತರ ಜೊತೆ ಕೂತು ಓದಿಯೇ ಕಲಿತರು. ನಾನು ವೃತ್ತಿಯಲ್ಲಿ ಎಂಜಿನಿಯರ್, ಹಳಗನ್ನಡ ಲಿಪಿಯನ್ನು ಪಟ್ಟಿ ಮುಂದಿಟ್ಟುಕೊಂಡು ಕಲಿತವನು. ಹಾಗಾಗಿ ಈ ವಿಷಯ ನನಗೆ ಸ್ವಲ್ಪ ಹೆಚ್ಚೇ ಧೈರ್ಯ ಕೊಡತ್ತೆ.

1865ರಲ್ಲಿ ಮೇಜರ್ ಡಿಕ್ಸನ್ ಅನ್ನೋ ಸೇನಾಧಿಕಾರಿ ಮೈಸೂರು ಸೀಮೆಯ ಹಲವು ಶಾಸನಗಳ ಫೋಟೋ ತೆಗೆದಿದ್ದರು. ಅವುಗಳ ಅನುವಾದದ ಕೆಲಸ ರೈಸ್ ಕೈಗೆ ಬಂತು. 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಪುಸ್ತಕ ಹೊರಬಂತು. ಅಷ್ಟರಲ್ಲಾಗಲೇ ಮೈಸೂರು ಮತ್ತು ಕೊಡಗಿನ ಗೆಜೆಟಿಯರ್ ಬರೆದು ಮುಗಿಸಿದ್ದರು: ನದಿ, ಬೆಟ್ಟ, ಬೆಳೆ, ಜಾತಿ, ದಾರಿ, ಊರಿನ ಹೆಸರು ಎಲ್ಲಾ. 1881ರ ಜನಗಣತಿಯ ಹೊಣೆಯೂ ಅವರದ್ದೇ. ಊರುಗಳ ಪಟ್ಟಿ ಮೊದಲೇ ಕೈಯಲ್ಲಿತ್ತು, ಶಾಸನಗಳು ಆ ಪಟ್ಟಿಗೆ ಬಂದು ಕೂತವು. ತಾಲೂಕುವಾರು ಜೋಡಣೆಯ ಹಿಂದೆ ಇರೋದು ಈ ಭೂಗೋಳದ ಅಭ್ಯಾಸ.

ಕೊಡಗಿನ ಸಂಪುಟ 1886ರಲ್ಲಿ, ಶ್ರವಣಬೆಳಗೊಳದ್ದು 1889ರಲ್ಲಿ. 1905ರ ಹೊತ್ತಿಗೆ 12 ಸಂಪುಟ, ಒಟ್ಟು 8,869 ಶಾಸನ. ಪ್ರತಿ ಸಂಪುಟದಲ್ಲೂ ಪೀಠಿಕೆ, ಕನ್ನಡ ಲಿಪಿಯ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ. 1906ರಲ್ಲಿ ನಿವೃತ್ತಿ. ಆ ಜಾಗಕ್ಕೆ ಬಂದವರು ಅವರ ಜೊತೆಗೇ ಕೆಲಸ ಮಾಡಿದ್ದ ಆರ್. ನರಸಿಂಹಾಚಾರ್. ಇಂಗ್ಲೆಂಡಿಗೆ ಹೋದಮೇಲೂ ಕೆಲಸ ನಿಲ್ಲಲಿಲ್ಲ: ಶಾಸನಗಳಿಂದ ಕಟ್ಟಿದ ಮೈಸೂರು-ಕೊಡಗಿನ ಇತಿಹಾಸ 1909ರಲ್ಲಿ ಬಂತು. ತೀರಿಕೊಂಡದ್ದು 1927ರಲ್ಲಿ. ಕನ್ನಡದಲ್ಲಿ ಅವರನ್ನು ‘ಶಾಸನ ಪಿತಾಮಹ’ ಅನ್ನೋದು ಇದಕ್ಕೇ.

ನಮ್ಮ ಪಕ್ಕದ ಬಂಡೆ, ಗಾಂಧಾರದ ಲಿಪಿ

1892ರಲ್ಲಿ ರೈಸ್ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಅಶೋಕನ ಶಾಸನ ಪತ್ತೆ ಮಾಡಿದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಸುವರ್ಣಗಿರಿಯ ಆರ್ಯಪುತ್ರ ಇಸಿಲದ ಮಹಾಮಾತ್ರರಿಗೆ ಕಳಿಸಿದ ಆಜ್ಞೆ ಅದು. ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ‘ಲಿಪಿಕಾರ’ ಅನ್ನೋ ಪದವನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಬರೆಯೋ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಗಾಂಧಾರದ ಲಿಪಿ. ಈಗಿನ ಪಾಕಿಸ್ತಾನದ ಶಹಬಾಜ್‌ಗಢಿ, ಮಾನ್ಸೆಹ್ರಾ ಬಂಡೆಗಳಲ್ಲಿ ಅಶೋಕನ ಮಾತು ಇರೋದು ಅದರಲ್ಲೇ. ವಾಯವ್ಯದ ಬರವಣಿಗೆ ಬಲ್ಲವನೊಬ್ಬ ಚಿತ್ರದುರ್ಗ ಸೀಮೆಯ ಬಂಡೆ ಮುಂದೆ ಕೂತಿದ್ದ ಅನ್ನೋದಕ್ಕೆ ಆ ಒಂದು ಪದ ಸಾಕ್ಷಿ.

ಅಗೆತ ಶುರುವಾದದ್ದು ಆಮೇಲೆ. ಮೈಸೂರು ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಚಂದ್ರವಳ್ಳಿಯಲ್ಲೂ ಬ್ರಹ್ಮಗಿರಿಯಲ್ಲೂ ಅಗೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಎರಡೂ ಕಡೆ ಮತ್ತೆ ಅಗೆದರು. 1945ರಲ್ಲಿ ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ ರೋಮನ್ ಸಾಮಾನಿನ ಜೊತೆ ಸಿಕ್ಕಿದ್ದ ಮಡಕೆ ಚೂರಿನ ಜಾತಿಯೇ ಇಲ್ಲೂ ಸಿಕ್ಕಿತು. ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯವೂ ಸಿಕ್ಕಿದೆ. ಒಳನಾಡಿನ ಪದರಗಳಿಗೆ ಕಾಲ ಹಚ್ಚೋಕೆ ಇದೇ ಗೂಟ ಆಯ್ತು. ನಮ್ಮ ಬಯಲುಸೀಮೆ ಜಗತ್ತಿನ ಇತಿಹಾಸದೊಳಗೆ ಬಂದ ದಾರಿ ಇದು. ಬಾಗಿಲು ತೆಗೆದದ್ದು ರೈಸ್ ಓದಿದ ಬಂಡೆ.

ಎಷ್ಟು ನಂಬಬೇಕು?

ಎಲ್ಲವನ್ನೂ ಅಲ್ಲ. ಗಂಗರ ಹಳೆಯ ತಾಮ್ರಪಟಗಳನ್ನು ರೈಸ್ ಅಸಲಿ ಅಂದುಕೊಂಡು ವಂಶಾವಳಿ ಕಟ್ಟಿದರು. ಜೆ. ಎಫ್. ಫ್ಲೀಟ್ ಲಿಪಿಯ ಕಾಲ, ತಿಥಿ ಎಲ್ಲಾ ತೂಗಿ ನೋಡಿ, ಅವುಗಳಲ್ಲಿ ಹಲವು ನಕಲಿ ಅಂತ ವಾದಿಸಿದರು. ಜಮೀನಿನ ಹಕ್ಕು ಸಾಧಿಸೋಕೆ ತಲೆಮಾರುಗಳ ನಂತರ ಪಟ ಬರೆಸಿಕೊಳ್ಳೋದು ಸುಲಭ. ಊರ ಮುಂದಿನ ಕಲ್ಲನ್ನು ಹಾಗೆ ಮಾಡೋದು ಕಷ್ಟ.

ಇನ್ನು ಪಾಠ. ಇಷ್ಟು ಸಾವಿರ ಕಲ್ಲನ್ನು ಸಹಾಯಕರು, ಪಂಡಿತರು ಇಲ್ಲದೆ ಒಬ್ಬರೇ ಓದೋದು ಆಗದ ಮಾತು. ಸವೆದ ಸಾಲು, ಊಹೆಯಿಂದ ತುಂಬಿದ ಅಕ್ಷರ ಇರೋ ಕಡೆ ಕಲ್ಲನ್ನೇ ನೋಡಬೇಕು.

ಕಾಲದ ಲೆಕ್ಕ ಮಾತ್ರ ಮನೆಯಲ್ಲೇ ಪರೀಕ್ಷಿಸಬಹುದು. ಶಕವರ್ಷಕ್ಕೆ 78 ಕೂಡಿಸಿ, ಸಂವತ್ಸರ ಹೊಂದತ್ತಾ ನೋಡಿ. ಉದಾಹರಣೆಗೆ, ಶಕ 1000 ಅಂದರೆ ಕ್ರಿ.ಶ. 1078–79, ಕಾಳಯುಕ್ತಿ ಸಂವತ್ಸರ. 60 ವರ್ಷದ 15 ಸುತ್ತು ಮುಗಿದು 1978–79ರಲ್ಲೂ ಅದೇ ಸಂವತ್ಸರ. ಕಲ್ಲಲ್ಲಿ ಶಕ 1000, ಆದರೆ ಪಿಂಗಳ ಸಂವತ್ಸರ ಅಂತಿದ್ದರೆ ಗಾಬರಿ ಬೇಡ. ಬರೆದವನು ನಡೆಯುತ್ತಿದ್ದ ವರ್ಷವನ್ನು ಎಣಿಸಿದ್ದಾನೆ, ಕಳೆದ ವರ್ಷವನ್ನಲ್ಲ. ಅಂದರೆ ಅದು 1077–78. ತಿಥಿ, ವಾರವೂ ಕೂಡಿ ಬಂದರೆ ದಿನವೇ ಗೊತ್ತಾಗತ್ತೆ.

ಈಗ ನಾವು ಮಾಡಬೇಕಾದ್ದು

ರೈಸ್ ಕೊಟ್ಟ ಜಾಗದ ಗುರುತು ಚುಟುಕು: ಇಂಥ ಊರು, ಇಂಥ ಗುಡಿಯ ಬಳಿಯ ಕಲ್ಲು. ನೂರಿಪ್ಪತ್ತು ವರ್ಷದಲ್ಲಿ ಗುಡಿ ಹೊಸದಾಗಿರತ್ತೆ, ರಸ್ತೆ ಅಗಲ ಆಗಿರತ್ತೆ, ಕಲ್ಲು ಬಟ್ಟೆ ಒಗೆಯೋಕೋ ಚರಂಡಿ ಮುಚ್ಚೋಕೋ ಹೋಗಿರತ್ತೆ. ಕಲ್ಲು ಹೋದರೆ ಅಚ್ಚಾದ ಪಾಠ ತಪ್ಪೋ ಸರಿಯೋ ಅಂತ ಕೇಳೋಕೆ ಇನ್ಯಾರೂ ಉಳಿಯಲ್ಲ.

ಹಾಗಾಗಿ ನಿಮ್ಮ ಹೋಬಳಿಯ ಶಾಸನಗಳ ಪಟ್ಟಿಯನ್ನು ಸಂಪುಟದಿಂದ ಮಾಡಿಕೊಳ್ಳಿ. ಒಂದೊಂದೇ ಊರಿಗೆ ಹೋಗಿ, ಹಿರಿಯರನ್ನು ಕೇಳಿ. ಕಲ್ಲು ಸಿಕ್ಕರೆ ಮೊಬೈಲಿನಲ್ಲಿ ಅಕ್ಷಾಂಶ-ರೇಖಾಂಶ ಬರೆದುಕೊಳ್ಳಿ, ಎತ್ತರ, ಅಗಲ, ಸಾಲಿನ ಎಣಿಕೆ ಬರೆದುಕೊಳ್ಳಿ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೋ ತೆಗೆಯಿರಿ; ರಾತ್ರಿ ಆದರೆ ಪಕ್ಕದಿಂದ ಟಾರ್ಚ್ ಬಿಡಿ. ಪೇಂಟು, ಎಣ್ಣೆ, ಸುಣ್ಣ ಹಚ್ಚಲೇಬೇಡಿ. ಪಡಿಯಚ್ಚು ತೆಗೆಯೋದು ಕಲಿತವರಿಗೆ ಬಿಡಿ. ಆಮೇಲೆ ಸಾಲು ಸಾಲಾಗಿ ರೈಸ್ ಪಾಠದ ಜೊತೆ ಹೋಲಿಸಿ. ಎಲ್ಲಿ ಬೇರೆ ಓದು ಕಂಡಿತೋ ಅಲ್ಲಿ ಅವರ ಓದನ್ನೂ ನಿಮ್ಮದನ್ನೂ ಎರಡನ್ನೂ ಬರೆದಿಡಿ.

ಕಲ್ಲು ಸಿಗದಿದ್ದರೆ ಅದನ್ನೂ ಬರೆಯಿರಿ: ಯಾವ ದಿನ ಹೋಗಿದ್ದಿರಿ, ಎಲ್ಲೆಲ್ಲಿ ನೋಡಿದಿರಿ, ಊರವರು ಏನಂದರು. ಮುಂದೆ ಹುಡುಕಿಕೊಂಡು ಬರೋರಿಗೆ ಅಷ್ಟಾದರೂ ದಾರಿ ಇರಲಿ.