ಆರ್ಕಿಡ್ ಬಳ್ಳಾರಿಗೆ, ಹುಲ್ಲು ಶಿರಸಿಗೆ: ನಾವು ಮಾಡಿದ ಎಡವಟ್ಟು

ಹೋದ ವರ್ಷ ಆಗಸ್ಟಿನಲ್ಲಿ ನಮ್ಮ ರೂಮಿನವರೆಲ್ಲ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಲು ಹೋಗಿದ್ದೆವು. ವಾಪಸ್ ಬರುವ ದಾರಿಯಲ್ಲಿ ಒಂದು ನರ್ಸರಿ ಹೊಕ್ಕು ಎರಡು ಗಿಡ ಕೊಂಡೆವು. ಒಂದು ನೇರಳೆ ಹೂವಿನ ಡೆಂಡ್ರೋಬಿಯಂ ಆರ್ಕಿಡ್. ಇನ್ನೊಂದು ಕೆನ್ನೇರಳೆ ಎಲೆಯ ಫೌಂಟನ್ ಗ್ರಾಸ್, ಅಂದರೆ ಕಾರಂಜಿಯ ಹಾಗೆ ಬಾಗಿ ನಿಲ್ಲುವ ಅಲಂಕಾರಿಕ ಹುಲ್ಲು. ಗಣೇಶ ಹಬ್ಬಕ್ಕೆ ಊರಿಗೆ ಹೊರಟಾಗ ಆರ್ಕಿಡ್ ಬಳ್ಳಾರಿಯ ಗೆಳೆಯನ ಮನೆಗೆ ಹೋಯಿತು, ಹುಲ್ಲು ಶಿರಸಿ ಹತ್ತಿರದ ಗೆಳೆಯನ ಮನೆಗೆ. ಯಾರಿಗೆ ಯಾವುದು ಅಂತ ಯೋಚಿಸಲೇ ಇಲ್ಲ, ಟಾಸ್ ಹಾಕಿದ್ದೆವು ಅಷ್ಟೇ.

ದೀಪಾವಳಿ ಹೊತ್ತಿಗೆ ಎರಡೂ ಸತ್ತಿದ್ದವು. ಗಿಡ ಹೋದದ್ದಕ್ಕಿಂತ ಹೆಚ್ಚು ಬೇಜಾರಾದದ್ದು ಬಳ್ಳಾರಿಯ ಅಮ್ಮ ಫೋನಿನಲ್ಲಿ ಹೇಳಿದ ಮಾತಿಗೆ: "ನನ್ನ ಕೈಗುಣಾನೇ ಸರಿ ಇಲ್ಲಪ್ಪ, ಇನ್ಮ್ಯಾಲೆ ಹೂವಿನ ಗಿಡ ತರಬ್ಯಾಡ್ರಿ." ಮನೆಯ ಮುಂದೆ ತುಳಸಿ, ದಾಸವಾಳ, ಮಲ್ಲಿಗೆಯನ್ನು ವರ್ಷಗಟ್ಟಲೆ ಬೆಳೆಸಿಕೊಂಡು ಬಂದವರ ಕೈಗುಣ ಒಮ್ಮೆಲೇ ಕೆಡುವುದಾದರೂ ಹೇಗೆ? ಇಂಟರ್ನಲ್ಸ್ ಮುಗಿದ ಮೇಲೆ ಕೂತು ಓದಿದೆವು. ತಪ್ಪು ಅವರದ್ದಲ್ಲ, ನಮ್ಮದು ಅಂತ ಆಗ ಗೊತ್ತಾಯಿತು. ಆ ಓದಿನ ಸಾರ ಇಲ್ಲಿದೆ. ಮನೆಗೆ ಗಿಡ ಒಯ್ಯುವ ಮುಂಚೆ ನೀವೂ ಒಮ್ಮೆ ನೋಡಿಕೊಳ್ಳಿ.

ಬೇರಿನ ವಿಷಯ

ಆರ್ಕಿಡ್ ಮತ್ತು ಹುಲ್ಲು ಎರಡೂ ಏಕದಳ ಸಸ್ಯಗಳು. ಆರ್ಕಿಡ್ ಕುಟುಂಬದಲ್ಲಿ ಸುಮಾರು 28,000 ಪ್ರಭೇದಗಳಿವೆ, ಹುಲ್ಲಿನ ಕುಟುಂಬದಲ್ಲಿ ಸುಮಾರು 12,000. ಇಷ್ಟು ಹತ್ತಿರದ ನೆಂಟರಾದರೂ ಎರಡರ ಬದುಕು ಪೂರ್ತಿ ಬೇರೆ.

ಮಾರುಕಟ್ಟೆಯಲ್ಲಿ ಸಿಗುವ ಡೆಂಡ್ರೋಬಿಯಂಗಳ ಮೂಲ ಮನೆ ಮರದ ಕೊಂಬೆ. ಹಾಗಂತ ಬದನಿಕೆಯ ಹಾಗೆ ಮರದ ರಸ ಹೀರುವುದಿಲ್ಲ, ಕೂರಲು ಜಾಗ ಕೇಳುತ್ತದೆ ಅಷ್ಟೇ. ಅದರ ಬೇರಿನ ಸುತ್ತ ವೆಲಮೆನ್ ಎಂಬ ಸ್ಪಂಜಿನಂಥ ಪದರವಿದೆ. ಅದು ಸತ್ತ ಕೋಶಗಳ ಪದರ. ಮಳೆ ಬಿದ್ದ ಕೂಡಲೇ ನೀರು ಹೀರಿಕೊಂಡು ಒಳಗಿನ ಬೇರಿಗೆ ಕೊಡುತ್ತದೆ, ಆಮೇಲೆ ಗಾಳಿಗೆ ಒಣಗುತ್ತದೆ. ಹೀಗೆ ನೆನೆಯುವುದು, ಒಣಗುವುದು ಎರಡೂ ಅದಕ್ಕೆ ಬೇಕು. ಬೇರು ಒಣಗಿದಾಗ ಬೆಳ್ಳಗೆ, ನೆನೆದಾಗ ಹಸಿರಾಗಿ ಕಾಣುತ್ತದೆ. ನೀರು ಯಾವಾಗ ಹಾಕಬೇಕು ಅಂತ ತಿಳಿಯಲು ಬೇರೆ ಸೆನ್ಸರ್ ಬೇಡ, ಬೇರಿನ ಬಣ್ಣ ನೋಡಿದರೆ ಸಾಕು.

ಬಳ್ಳಾರಿಯಲ್ಲಿ ಆದದ್ದು ಇದು: ಅಮ್ಮ ಪ್ರೀತಿಯಿಂದ ಆರ್ಕಿಡ್ಡನ್ನು ದೊಡ್ಡ ಕುಂಡಕ್ಕೆ ಬದಲಿಸಿ, ಎರೆಮಣ್ಣು ತುಂಬಿ, ತುಳಸಿಗೆ ಹಾಕುವ ಹಾಗೆ ದಿನಾ ನೀರು ಹಾಕಿದರು. ಎರೆಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುವ ಮಣ್ಣು. ಗಾಳಿಯಾಡದ ಬೇರು ಕೊಳೆಯಿತು. ಎಲೆ ಹಳದಿಯಾದದ್ದು ನೋಡಿ ನೀರು ಸಾಲದೇನೋ ಅಂತ ಇನ್ನಷ್ಟು ಹಾಕಿದರು. ಆರ್ಕಿಡ್‌ಗೆ ಮಣ್ಣು ಹಾಕಬಾರದು ಅಂತ ನಾವು ಒಂದು ಮಾತು ಹೇಳಿದ್ದರೆ ಸಾಕಿತ್ತು. ತೆಂಗಿನ ಸಿಪ್ಪೆಯ ತುಂಡು, ಇದ್ದಿಲು, ಇಟ್ಟಿಗೆ ಚೂರು, ಇಷ್ಟೇ ಅದರ ಹಾಸಿಗೆ.

ಹುಲ್ಲಿನ ಬೇರು ಇದಕ್ಕೆ ವಿರುದ್ಧ. ಕೂದಲಿನ ಹಾಗೆ ಗೊಂಚಲುಗೊಂಚಲಾಗಿ ಮಣ್ಣಿನೊಳಗೆ ಹರಡಿ, ಸಿಕ್ಕ ಸಿಕ್ಕ ಮೂಲೆಯಿಂದ ನೀರು ತರುತ್ತದೆ. ಒಮ್ಮೆ ಬೇರು ಬಿಟ್ಟರೆ ನಾಲ್ಕು ದಿನ ಮರೆತರೂ ತಡೆದುಕೊಳ್ಳುತ್ತದೆ. ಆದರೆ ನೀರು ನಿಂತರೆ ಅದೂ ಕೊಳೆಯುತ್ತದೆ. ಶಿರಸಿಯಲ್ಲಿ ವರ್ಷಕ್ಕೆ 2,000 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಅಂಥ ಕಡೆ, ಮಳೆಗಾಲ ಇನ್ನೂ ಮುಗಿಯದಿರುವಾಗ, ಅಡಿಕೆ ತೋಟದ ಅಂಚಿನ ನೆರಳಿನಲ್ಲಿ ನಮ್ಮ ಹುಲ್ಲನ್ನು ನೆಟ್ಟಿದ್ದರು. ಮೇಲೆ ಬಿಸಿಲಿಲ್ಲ, ಕೆಳಗೆ ಕೆಸರು. ಬದುಕುವುದು ಹೇಗೆ?

ಒಂದಕ್ಕೆ ನೈಟ್ ಶಿಫ್ಟ್, ಒಂದಕ್ಕೆ ಟರ್ಬೊ

ದ್ಯುತಿಸಂಶ್ಲೇಷಣೆಯಲ್ಲಿ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ಕಿಣ್ವದ ಹೆಸರು ರುಬಿಸ್ಕೊ. ಇದಕ್ಕೊಂದು ದೋಷವಿದೆ. ಸೆಕೆ ಏರಿದ ಹಾಗೆ ಡೈಆಕ್ಸೈಡಿನ ಬದಲು ಆಮ್ಲಜನಕವನ್ನು ಹಿಡಿದುಬಿಡುತ್ತದೆ, ಆಗ ಶಕ್ತಿ ವ್ಯರ್ಥ. ಎಲೆಯ ರಂಧ್ರ ತೆರೆದರೆ ನೀರು ಆವಿಯಾಗುತ್ತದೆ, ಮುಚ್ಚಿದರೆ ಡೈಆಕ್ಸೈಡ್ ಸಿಗುವುದಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಆಪ್ಟಿಮೈಸೇಶನ್ ಪ್ರಾಬ್ಲಂ. ಎರಡು ಗಿಡಗಳೂ ಇದಕ್ಕೆ ಬೇರೆ ಬೇರೆ ಉತ್ತರ ಕಂಡುಕೊಂಡಿವೆ.

ಮರದ ಮೇಲಿರುವ, ದಪ್ಪ ಎಲೆಯ ಅನೇಕ ಆರ್ಕಿಡ್‌ಗಳು ರಾತ್ರಿ ರಂಧ್ರ ತೆರೆಯುತ್ತವೆ. ಆಗ ತಂಪು ಇರುವುದರಿಂದ ನೀರು ಹೆಚ್ಚು ಹೋಗುವುದಿಲ್ಲ. ಒಳಗೆ ಬಂದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಹಗಲು ರಂಧ್ರ ಮುಚ್ಚಿಕೊಂಡು ಬಳಸುತ್ತವೆ. ಇದಕ್ಕೆ ಕ್ಯಾಮ್ ವಿಧಾನ ಅಂತ ಹೆಸರು. ನೀರಿನ ಉಳಿತಾಯ ಚೆನ್ನಾಗಿದೆ, ಆದರೆ ಬೆಳವಣಿಗೆ ನಿಧಾನ.

ಫೌಂಟನ್ ಗ್ರಾಸ್ ಸಿ-4 ಗುಂಪಿನದು. ಇದು ಡೈಆಕ್ಸೈಡನ್ನು ಎಲೆಯ ಒಳಗಿನ ವಿಶೇಷ ಕೋಶಗಳಿಗೆ ಪಂಪ್ ಮಾಡಿ, ರುಬಿಸ್ಕೊ ಸುತ್ತ ಅದನ್ನು ದಟ್ಟವಾಗಿಸುತ್ತದೆ. ಇಂಜಿನ್ನಿಗೆ ಟರ್ಬೊ ಕೂಡಿಸಿದ ಹಾಗೆ. ಪಂಪಿಗೆ ಶಕ್ತಿ ಖರ್ಚಾಗುತ್ತದೆ, ಆದ್ದರಿಂದ ಜೋರು ಬಿಸಿಲು ಬೇಕೇ ಬೇಕು. ನೆರಳಲ್ಲಿಟ್ಟರೆ ಸೊರಗುತ್ತದೆ, ಎಲೆಯ ಕೆನ್ನೇರಳೆ ಬಣ್ಣವೂ ಮಾಸುತ್ತದೆ. ಜೋಳ, ರಾಗಿ, ಕಬ್ಬು ಇದೇ ಗುಂಪಿನವು. ಸಜ್ಜೆಯಂತೂ ಫೌಂಟನ್ ಗ್ರಾಸಿನ ಖಾಸಾ ದಾಯಾದಿ. ಎರಡರ ತೆನೆ ಪಕ್ಕಪಕ್ಕ ಇಟ್ಟರೆ ಹೋಲಿಕೆ ಕಾಣುತ್ತದೆ. ಸಂಕ್ರಾಂತಿಗೆ ಸಜ್ಜಿ ರೊಟ್ಟಿ ತಟ್ಟುವ ಬಯಲುಸೀಮೆಗೆ ಯಾವ ಗಿಡ ಒಯ್ಯಬೇಕಿತ್ತು ಅಂತ ಇಲ್ಲೇ ಗೊತ್ತಾಗಿಬಿಡುತ್ತಿತ್ತು.

ಕೊಳ್ಳುವ ಮುಂಚೆ ಬೀಜ ನೋಡಿ

ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಬುತ್ತಿ ಇಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರದ ನೆರವು ಸಿಕ್ಕರೆ ಮಾತ್ರ ಮೊಳೆಯುತ್ತದೆ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಎಂಬ ವಿಜ್ಞಾನಿ, ಸಕ್ಕರೆ ಬೆರೆಸಿದ ಅಗರ್ ಮಾಧ್ಯಮದಲ್ಲಿ ಶಿಲೀಂಧ್ರವಿಲ್ಲದೆಯೇ ಬೀಜ ಮೊಳೆಯಿಸಬಹುದು ಅಂತ ತೋರಿಸಿದರು. ಇಂದು ಅಂಗಡಿಯಲ್ಲಿ ಆರ್ಕಿಡ್ ಸಿಗುವುದು ಇಂಥ ಲ್ಯಾಬುಗಳ ದೆಸೆಯಿಂದ. ಆದ್ದರಿಂದ ಮಲೆನಾಡಿನ ಮರಗಳ ಮೇಲೆ ಮಳೆಗಾಲದ ಹೊಸ್ತಿಲಲ್ಲಿ ಜೋತಾಡುವ ಸೀತಾಳೆ ದಂಡೆಯನ್ನು ಟ್ರೆಕ್ಕಿಂಗ್ ಹೋದಾಗ ಕಿತ್ತು ತರಬೇಡಿ. ಕಿತ್ತ ಗಿಡ ನಮ್ಮ ಬಾಲ್ಕನಿಯಲ್ಲಿ ಬದುಕುವುದು ಅನುಮಾನ, ಕಾಡಿನಲ್ಲಿ ಅದರ ಜಾಗ ತುಂಬಲು ವರ್ಷಗಳೇ ಬೇಕು.

ಹುಲ್ಲಿನ ಕತೆ ಉಲ್ಟಾ. ಇಲ್ಲಿ ಬೀಜ ಹೆಚ್ಚಾಗುವುದೇ ತೊಂದರೆ. ಹಸಿರು ಎಲೆಯ ಫೌಂಟನ್ ಗ್ರಾಸ್ ಗಾಳಿಯಲ್ಲಿ ಬೀಜ ಹಾರಿಸಿ ಬೇಗ ಹರಡುತ್ತದೆ. ಹವಾಯಿ ದ್ವೀಪಗಳಲ್ಲಿ ಅಲಂಕಾರಕ್ಕೆ ಅಂತ ಬಂದು, ಕಳೆಯಾಗಿ ಹಬ್ಬಿ, ಒಣಗಿದಾಗ ಕಾಳ್ಗಿಚ್ಚಿಗೆ ಸೌದೆಯಾಗಿದೆ. ಕೆನ್ನೇರಳೆಯ 'ರೂಬ್ರಂ' ತಳಿ ಸಾಮಾನ್ಯವಾಗಿ ಮೊಳೆಯುವ ಬೀಜ ಕಟ್ಟುವುದಿಲ್ಲ, ಬುಡ ಸೀಳಿ ನೆಡಬೇಕು. ಅದನ್ನೇ ಕೇಳಿ ತನ್ನಿ.

ಹಾಗಾದರೆ ಯಾವುದು ಒಳ್ಳೆಯದು?

ಮನೆಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ಗಿಡ ಇಡುವ ಕಡೆ ನೇರ ಬಿಸಿಲು ಎಷ್ಟು ಹೊತ್ತು? ಆರು ಗಂಟೆ ಇದ್ದರೆ ಹುಲ್ಲು. ಮರದ ಕೆಳಗಿನ ಸೋಸಿದ ಬೆಳಕು ಅಥವಾ ಬೆಳಗಿನ ಎಳೆ ಬಿಸಿಲು ಮಾತ್ರ ಇದ್ದರೆ ಆರ್ಕಿಡ್. ಗಾಳಿ ಒಣಗಿದ್ದೋ ತೇವವೋ? ಒಣ ಹವೆಯಲ್ಲೂ ಆರ್ಕಿಡ್ ಬೆಳೆಸಬಹುದು, ಆದರೆ ನೆರಳು ಬಲೆ, ಆಗಾಗ ನೀರು ಸಿಂಪಡಣೆ ಅಂತ ಕೆಲಸ ಹೆಚ್ಚು. ನೋಡಿಕೊಳ್ಳುವವರಿಗೆ ಪುರುಸೊತ್ತು ಎಷ್ಟು? ಆರ್ಕಿಡ್‌ಗೆ ಬೆಳವಣಿಗೆಯ ಕಾಲದಲ್ಲಿ ತೆಳು ಗೊಬ್ಬರದ ನೀರು, ಎರಡು ವರ್ಷಕ್ಕೊಮ್ಮೆ ಹೊಸ ಸಿಪ್ಪೆ ಬೇಕು. ಬದಲಿಗೆ ವಾರಗಟ್ಟಲೆ ಬಾಡದ ಹೂ ಕೊಡುತ್ತದೆ. ಹುಲ್ಲನ್ನು ವರ್ಷಕ್ಕೊಮ್ಮೆ ಗೇಣುದ್ದ ಬಿಟ್ಟು ಕತ್ತರಿಸಿದರೆ ಹೆಚ್ಚುಕಮ್ಮಿ ಅಷ್ಟೇ ಕೆಲಸ. ಅದರ ತೆನೆಗೆ ಪರಿಮಳವಿಲ್ಲ, ಆದರೆ ಸಂಜೆ ಗಾಳಿಗೆ ಅದು ತೂಗುವುದನ್ನು ನೋಡುತ್ತ ಕೂರಬಹುದು.

ಈ ವರ್ಷ ನಾವು ಅದಲುಬದಲು ಮಾಡಿದೆವು. ಶಿರಸಿಯ ಮನೆಯ ಜಗಲಿಯಂಚಿನಲ್ಲಿ ತೆಂಗಿನ ಸಿಪ್ಪೆಗೆ ಕಟ್ಟಿದ ಆರ್ಕಿಡ್ ಎರಡು ಹೊಸ ಚಿಗುರು ಹೊಡೆದಿದೆ, ಹೂ ಇನ್ನೂ ಬಂದಿಲ್ಲ. ಬಳ್ಳಾರಿಯ ಅಮ್ಮ ಮೊದಲಿಗೆ "ಹುಲ್ಲನ್ನ ಯಾರರ ರೊಕ್ಕ ಕೊಟ್ಟು ತರ್ತಾರೇನು?" ಅಂತ ನಕ್ಕರು. ಆದರೂ ತಾರಸಿಯ ಮೇಲೆ ಇಟ್ಟುಕೊಂಡರು. ಮೊನ್ನೆ ಅದರ ಬುಡ ಸೀಳಿ ಪಕ್ಕದ ಮನೆಗೂ ಒಂದು ಕುಂಡ ಕೊಟ್ಟಿದ್ದಾರಂತೆ.