ಹೊರಟುನಿಂತ ಆಟಗಾರ: ಬಿಡಬೇಕೆ, ಹಿಡಿದಿಡಬೇಕೆ?

ಕೆಲಸ ಕಲಿಸಿ ಪಳಗಿಸಿದ ಕೆಲಸಗಾರನು ಹೆಚ್ಚಿನ ಸಂಬಳಕ್ಕಾಗಿ ಹೊರಟುನಿಂತಾಗ ಮಾಲೀಕನು ಏನು ಮಾಡಬೇಕು? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಗಿರಣಿ ಹಾಗೂ ವರ್ಕ್‌ಶಾಪುಗಳಲ್ಲಿ ಈ ಪ್ರಶ್ನೆ ಹೊಸದಲ್ಲ. ಇದನ್ನೇ ನೂರಾರು ಕೋಟಿ ರೂಪಾಯಿಗಳ ಮಟ್ಟದಲ್ಲಿ ಎದುರಿಸುವ ಉದ್ಯಮವೊಂದಿದೆ. ಅದು ಯುರೋಪಿನ ಫುಟ್‌ಬಾಲ್. ಅಲ್ಲಿನ ಲೆಕ್ಕಾಚಾರ ನಮ್ಮ ವರ್ತಕರಿಗೂ ಉಪಯುಕ್ತವಾದುದು.

ಅಲ್ಲಿ ಆಟಗಾರನು ನಿಗದಿತ ಅವಧಿಗೆ ಕ್ಲಬ್ಬಿನೊಡನೆ ಕರಾರು ಮಾಡಿಕೊಳ್ಳುತ್ತಾನೆ. ಅವಧಿಯ ನಡುವೆ ಅವನನ್ನು ಬಯಸುವ ಕ್ಲಬ್ಬು ಮೊದಲಿನ ಕ್ಲಬ್ಬಿಗೆ ಬೆಲೆ ತೆರುವುದು ರೂಢಿ. ಮಾರಾಟವಾಗುವುದು ಮನುಷ್ಯನಲ್ಲ, ಉಳಿದ ಅವಧಿಯ ಹಕ್ಕು. ಅವಧಿ ತೀರಿದರೆ ಆ ಹಕ್ಕೂ ಇಲ್ಲ. ಬೆಲ್ಜಿಯಂನ ಆಟಗಾರ ಬಾಸ್ಮನ್ ಹೂಡಿದ ಮೊಕದ್ದಮೆಯಲ್ಲಿ ಯುರೋಪಿನ ನ್ಯಾಯಾಲಯವು 1995ರ ಡಿಸೆಂಬರ್ 15ರಂದು ಇದನ್ನು ಸ್ಪಷ್ಟಪಡಿಸಿತು.

2021ರಲ್ಲಿ ಇಂಗ್ಲೆಂಡಿನ ಹ್ಯಾರಿ ಕೇನ್ ಟಾಟನ್‌ಹ್ಯಾಮ್ ಕ್ಲಬ್ಬನ್ನು ಬಿಡಬಯಸಿದರು. ಕರಾರು ಇನ್ನೂ ಮೂರು ವರ್ಷ ಉಳಿದಿದ್ದುದರಿಂದ ಕ್ಲಬ್ಬು ನಿರಾಕರಿಸಿತು. ಅವರು ಉಳಿದು ಆಡಿದರು. 2023ರಲ್ಲಿ ಉಳಿದದ್ದು ಒಂದೇ ವರ್ಷ. ಆಗ ಅದೇ ಕ್ಲಬ್ಬು ಅವರನ್ನು ಜರ್ಮನಿಯ ಬಯರ್ನ್ ಮ್ಯೂನಿಕ್‌ಗೆ ಸುಮಾರು 10 ಕೋಟಿ ಯೂರೋಗಳಿಗೆ ಬಿಟ್ಟುಕೊಟ್ಟಿತು. ಮತ್ತೊಮ್ಮೆ ಹಟ ಹಿಡಿದಿದ್ದರೆ, ಹೊಸ ಕರಾರಿಲ್ಲದೆ, ಮರುವರ್ಷ ಬಿಡಿಗಾಸೂ ದೊರೆಯುತ್ತಿರಲಿಲ್ಲ. ಶೇಂಗಾವನ್ನು ಧಾರಣೆ ಬರುವವರೆಗೆ ದಾಸ್ತಾನಿಡಬಹುದು. ಹಡಗಲಿಯ ಮಲ್ಲಿಗೆಯನ್ನು ಇಡಲಾಗದು. ಕರಾರಿನ ಅವಧಿಯು ಮಲ್ಲಿಗೆಯ ಜಾತಿಯದು.

ನಮ್ಮ ಕಾನೂನು ಮಾಲೀಕನಿಗೆ ಇಷ್ಟು ಬಲವನ್ನೂ ಕೊಟ್ಟಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನಂತೆ, ಕೆಲಸ ಬಿಟ್ಟ ಮೇಲೆ ಬೇರೆಡೆ ದುಡಿಯಕೂಡದೆಂಬ ಷರತ್ತು ಸಾಮಾನ್ಯವಾಗಿ ಅಸಿಂಧು. ಇಷ್ಟವಿಲ್ಲದವನು ದುಡಿಯಲೇಬೇಕೆಂದು ನ್ಯಾಯಾಲಯ ಆದೇಶಿಸುವುದಿಲ್ಲ. ಮುಂಗಡ ತೀರಿಲ್ಲವೆಂದು ಕೆಲಸಗಾರನನ್ನು ಬಲವಂತದಿಂದ ದುಡಿಸಿಕೊಳ್ಳುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯನ್ವಯ ಶಿಕ್ಷಾರ್ಹ ಅಪರಾಧ. ಮುಂಗಡ ಕೊಟ್ಟು ಆಳುಗಳನ್ನು ಕರೆತರುವ ರೂಢಿಯುಳ್ಳವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಹಾಗಾದರೆ ತರಬೇತಿಯ ವೆಚ್ಚ ನಷ್ಟವೇ? ಹಾಗೇನಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣ ಇದಕ್ಕೆ ನಿದರ್ಶನ. ಮೂರು ವರ್ಷಕ್ಕೆ ಮೊದಲೇ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತಿಗೆ ಒಪ್ಪಿದ್ದ ಅಧಿಕಾರಿಯೊಬ್ಬರು 2009ರಲ್ಲಿ ರಾಜೀನಾಮೆ ಕೊಟ್ಟು, ಹಣ ಕಟ್ಟಿ, ಷರತ್ತನ್ನು ಪ್ರಶ್ನಿಸಿದರು. ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಅವರಿಗೆ ಜಯವಾಯಿತು. ಆದರೆ 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಷರತ್ತನ್ನು ಎತ್ತಿಹಿಡಿಯಿತು. ಸಾರ್ವಜನಿಕ ಬ್ಯಾಂಕು ಮತ್ತೆ ನೇಮಕಾತಿ ನಡೆಸಬೇಕಾದ ವೆಚ್ಚವನ್ನು ಅದು ಗಣನೆಗೆ ತೆಗೆದುಕೊಂಡಿತು. ಆದಾಗ್ಯೂ ಸಣ್ಣ ಉದ್ಯಮಿಗಳು ಇದನ್ನು ಮನಬಂದಂತೆ ದಂಡ ವಿಧಿಸಲು ಪರವಾನಗಿಯೆಂದು ತಿಳಿಯಬಾರದು. 74ನೇ ಕಲಮಿನ ಪ್ರಕಾರ ದೊರೆಯುವುದು ನ್ಯಾಯಯುತ ಪರಿಹಾರ ಮಾತ್ರ.

ಆದುದರಿಂದ ಕರಾರನ್ನು ಆರಂಭದಲ್ಲಿಯೇ ಬರವಣಿಗೆಯಲ್ಲಿ ಮಾಡಿಕೊಳ್ಳಿರಿ. ಅವಧಿ ಮಿತವಾಗಿರಲಿ, ತರಬೇತಿಯ ಖರ್ಚಿಗೆ ರಸೀದಿಗಳಿರಲಿ, ಬಿಡುವ ಮುನ್ನ ಕೊಡಬೇಕಾದ ಸೂಚನೆಯ ದಿನಗಳು ನಮೂದಾಗಿರಲಿ. ಅವಧಿ ಮುಗಿಯುವ ಮೊದಲೇ ಕೆಲಸಗಾರನನ್ನು ಕರೆದು ಸಂಬಳದ ಮಾತನಾಡುವುದು ಲೇಸು. ಅಷ್ಟಾದರೂ ಹೋಗುವೆನೆಂದರೆ ಬಾಕಿ ಲೆಕ್ಕ ಚುಕ್ತಾ ಮಾಡಿ, ಬದಲಿ ಆಳಿಗೆ ಕೆಲಸ ಕಲಿಸಿಕೊಡುವಂತೆ ಕೇಳಿ, ಗೌರವದಿಂದ ಬೀಳ್ಕೊಡುವುದೇ ಲಾಭಕರ. ಮನಸ್ಸಿಲ್ಲದವನ ಕೈಯಲ್ಲಿ ಯಂತ್ರವೂ ಸುರಕ್ಷಿತವಲ್ಲ, ಮಾಲಿನ ಗುಣಮಟ್ಟವೂ ಉಳಿಯದು.